ಬೊಗಸೆಯಷ್ಟು ಬಂಡವಾಳ

ಬಂಡವಾಳವೆಂಬ ಮಾತು ಕಿವಿಗೆ ಬಿದ್ದೊಡನೆ ಸಾಮಾನ್ಯರ ಕಣ್ಣ ಮುಂದೆ ನಿಲ್ಲುವುದು ಕಬ್ಬಿಣದ ತಿಜೋರಿ, ಹೊಗೆಯುಗುಳುವ ಕೊಳವೆ, ನೂರಾರು ಜನ ದುಡಿಯುವ ಕಾರ್ಖಾನೆ. ಆದರೆ ನಸುಕಿನಲ್ಲಿ ರೈಲು ನಿಲ್ದಾಣದ ಹೊರಗೆ ಇಡ್ಲಿ ಮಾರುವ ಹೆಂಗಸಿನ ಸೆರಗಿನ ಗಂಟಿನಲ್ಲಿರುವ ಕೆಲವು ನೂರು ರೂಪಾಯಿಗಳೂ ಬಂಡವಾಳವೇ. ಎರಡಕ್ಕೂ ಧರ್ಮ ಒಂದೇ. ಹಾಕಿದ ಹಣ ಮರಳಿ ಬರಬೇಕು. ಬರುವಾಗ ಬರಿಗೈಯಲ್ಲಿ ಬಾರದೆ ಒಂದಿಷ್ಟು ಗಳಿಕೆಯನ್ನು ಹೊತ್ತು ತರಬೇಕು. ಬಂದ ಮೇಲೆ ಮತ್ತೆ ಹೊರಡಲು ಸಿದ್ಧವಾಗಿರಬೇಕು. ದೊಡ್ಡ ಬಂಡವಾಳ ಒಂದು ವರ್ಷದ ನಷ್ಟವನ್ನು ತಾಳಿಕೊಂಡೀತು. ಬೊಗಸೆಯಷ್ಟು ಬಂಡವಾಳಕ್ಕೆ ಒಂದು ವಾರದ ಜ್ವರವೇ ಸಾಕು, ಅದು ಬೆರಳ ಸಂದಿಯಲ್ಲಿ ಸೋರಿಹೋಗುತ್ತದೆ. ಆದುದರಿಂದ ದೊಡ್ಡ ವ್ಯಾಪಾರಕ್ಕಿಂತ ಸಣ್ಣ ವ್ಯಾಪಾರವನ್ನು ನಡೆಸುವುದೇ ಹೆಚ್ಚು ಎಚ್ಚರವನ್ನು ಬೇಡುವ ಕೆಲಸ.

ಈ ಎರಡು ಬಗೆಯ ಬಂಡವಾಳಗಳನ್ನೂ ಹತ್ತು ಮೈಲಿಯ ಅಂತರದಲ್ಲಿ ಅಕ್ಕಪಕ್ಕದಲ್ಲಿಟ್ಟು ನೋಡಲು ಕೋಲಾರ ಜಿಲ್ಲೆಗಿಂತ ಒಳ್ಳೆಯ ಸ್ಥಳ ದೊರೆಯದು. ಒಂದು ಕಡೆ ನೆಲದ ಆಳದಿಂದ ಚಿನ್ನ ತೆಗೆದ ಕೋಲಾರ ಚಿನ್ನದ ಗಣಿ ಪ್ರದೇಶ. ಇನ್ನೊಂದು ಕಡೆ ಆ ಗಣಿಗೆ ಹೆಬ್ಬಾಗಿಲಿನಂತಿರುವ ಬಂಗಾರಪೇಟೆ. ಮೈಸೂರಿನ ಚೀಫ್ ಕಮಿಷನರಾಗಿದ್ದ ಲೂಯಿನ್ ಬೌರಿಂಗನ ಹೆಸರಿನಿಂದ ಒಂದು ಕಾಲಕ್ಕೆ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಈ ಊರಿನಿಂದ ಗಣಿಯ ಕಡೆಗೆ 1894ರಲ್ಲಿ ರೈಲುಹಾದಿ ಹಾಕಲಾಯಿತು. ಅಂದಿನಿಂದ ಇಂದಿನವರೆಗೆ ಆ ಹಾದಿಯ ಮೇಲೆ ಯಂತ್ರಗಳು, ಕೂಲಿಗಳು, ಕನಸುಗಳು, ಕಷ್ಟಗಳು ಎಲ್ಲವೂ ಓಡಾಡಿವೆ.

ಚಿನ್ನದ ಗಣಿಯ ಕಥೆಯೂ ಹಣದ ಕೊರತೆಯಿಂದಲೇ ಆರಂಭವಾಯಿತೆಂಬುದು ಕುತೂಹಲದ ಸಂಗತಿ. ಮೈಕೇಲ್ ಫಿಟ್ಜೆರಾಲ್ಡ್ ಲ್ಯಾವೆಲ್ ಎಂಬ ಐರಿಷ್ ಮೂಲದ ನಿವೃತ್ತ ಸೈನಿಕನು ಕೋಲಾರ ಸೀಮೆಯ ನೆಲದಲ್ಲಿ ಚಿನ್ನವುಂಟೆಂಬ ಹಳೆಯ ವದಂತಿಯ ಬೆನ್ನು ಹತ್ತಿ ಬಂದನು. 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಸಲ್ಲಿಸಿ, 1875ರಲ್ಲಿ ಅಗೆಯುವ ಹಕ್ಕನ್ನು ಪಡೆದನು. ಹಕ್ಕುಪತ್ರ ಕೈಯಲ್ಲಿತ್ತು, ಆದರೆ ಕಲ್ಲನ್ನು ಸೀಳಿ ಇಳಿಯಲು ಬೇಕಾದ ಹಣ ಕೈಯಲ್ಲಿರಲಿಲ್ಲ. ಕೆಲವೇ ವರ್ಷಗಳಲ್ಲಿ ಅವನ ಹಕ್ಕು ಹಣವುಳ್ಳ ಇತರರ ಪಾಲಾಯಿತು. 1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯು ಬಂದ ಮೇಲೆಯೇ ಗಣಿ ನಿಜವಾಗಿ ನೆಲೆಯೂರಿತು. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ವಿದ್ಯುಚ್ಛಕ್ತಿಯನ್ನು ದೂರದ ತಂತಿಯಲ್ಲಿ ಹರಿಸಿ ತಂದದ್ದು ಈ ಗಣಿಗಾಗಿ. ಚಾಂಪಿಯನ್ ರೀಫ್ಸ್ ಗಣಿ ಮೂರು ಕಿಲೋಮೀಟರಿಗೂ ಮಿಕ್ಕು ಆಳಕ್ಕೆ ಇಳಿಯಿತು. ನೂರಿಪ್ಪತ್ತು ವರ್ಷಗಳ ಅವಧಿಯಲ್ಲಿ ಸುಮಾರು 800 ಟನ್ ಚಿನ್ನ ಈ ನೆಲದಿಂದ ಹೊರಬಂದಿತು.

ಅಷ್ಟು ಚಿನ್ನದಲ್ಲಿ ಊರಿಗೆ ಉಳಿದದ್ದೇನು? ಗಣಿಯ ಬಂಡವಾಳ ಬಹುಕಾಲ ಲಂಡನ್ನಿನದಾಗಿತ್ತು. ಲಾಭವೂ ಅಲ್ಲಿಗೇ ಹರಿಯಿತು. ತಮಿಳು ಸೀಮೆಯಿಂದ, ತೆಲುಗು ಸೀಮೆಯಿಂದ, ಸುತ್ತಲಿನ ಕನ್ನಡ ಹಳ್ಳಿಗಳಿಂದ ಬಂದು ಗಣಿಗಿಳಿದ ಸಾವಿರಾರು ಜನರಿಗೆ ದಕ್ಕಿದ್ದು ಕೂಲಿ. ಕೂಲಿಗೂ ಬಂಡವಾಳಕ್ಕೂ ಇರುವ ಭೇದ ಮೇಲುನೋಟಕ್ಕೆ ಕಾಣುವುದಿಲ್ಲ. ಎರಡೂ ಅದೇ ನೋಟು, ಅದೇ ನಾಣ್ಯ. ಆದರೆ ಕೂಲಿಯೆಂಬುದು ತಿಂಗಳ ಕೊನೆಗೆ ಮುಗಿದುಹೋಗುವ ಹಣ; ಬಂಡವಾಳವೆಂಬುದು ನಾಳೆಗೆಂದು ಎತ್ತಿಟ್ಟ ಹಣ. ಮೂರು ತಲೆಮಾರು ಗಣಿಯ ಲೈನುಮನೆಗಳಲ್ಲಿ ಬಾಳಿದವರು ಕೂಲಿಯನ್ನು ಬಲ್ಲವರಾಗಿದ್ದರು. ಬಂಡವಾಳವನ್ನು ಅವರು ಬೇರೆಯವರ ಕೈಯಲ್ಲಿ ಮಾತ್ರ ನೋಡಿದ್ದರು.

1956ರಲ್ಲಿ ಮೈಸೂರು ರಾಜ್ಯ ಸರ್ಕಾರವು ಗಣಿಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. 1962ರಲ್ಲಿ ಅದು ಕೇಂದ್ರ ಸರ್ಕಾರದ ಕೈಸೇರಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ರೂಪುಗೊಂಡಿತು. ಆಳ ಹೆಚ್ಚಿದಂತೆ ವೆಚ್ಚ ಹೆಚ್ಚಿತು; ಅದಿರಿನಲ್ಲಿ ಚಿನ್ನದ ಅಂಶ ಕುಗ್ಗಿತು. ಕೊನೆಗೆ 2001ರ ಫೆಬ್ರವರಿ 28ರಂದು ಗಣಿಯ ಬಾಗಿಲು ಮುಚ್ಚಿತು. ಗಂಟೆಗನುಸಾರವಾಗಿ ಪಾಳಿಗೆ ಹೊರಡುತ್ತಿದ್ದ ಊರು ಒಮ್ಮೆಲೇ ಹೊತ್ತು ತಿಳಿಯದಂತಾಯಿತು. ದುಡಿಯುವ ವಯಸ್ಸಿನ ಅನೇಕರು ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ನಸುಕಿನ ರೈಲು ಹತ್ತಿ, ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಮರಳುವುದನ್ನು ರೂಢಿಸಿಕೊಂಡರು. ಹಾಗೆ ಹೋಗಲಾರದವರು, ಮನೆಯಲ್ಲಿ ಮುದುಕರನ್ನೂ ಮಕ್ಕಳನ್ನೂ ಬಿಟ್ಟು ಕದಲಲಾರದವರು, ಊರಿನಲ್ಲಿಯೇ ಏನಾದರೊಂದನ್ನು ಹೂಡಬೇಕಾಯಿತು. ಹೂಡಲು ಕೈಯಲ್ಲಿ ಏನಿತ್ತು ಎಂಬುದೇ ಪ್ರಶ್ನೆ.

ಅಂಥ ಒಂದು ಮನೆಯ ಹೆಂಗಸನ್ನು ಕಲ್ಪಿಸಿಕೊಳ್ಳಬಹುದು. ಆಕೆ ಬಲ್ಲದ್ದು ಅಡುಗೆ. ನಸುಕಿನಲ್ಲಿ ರೈಲಿಗೆ ಓಡುವವರಿಗೆ ಮನೆಯಲ್ಲಿ ತಿಂಡಿ ತಿನ್ನುವ ವ್ಯವಧಾನವಿಲ್ಲವೆಂಬುದನ್ನು ಆಕೆ ಕಂಡಿದ್ದಾಳೆ. ನಿಲ್ದಾಣದ ಹೊರಗೆ ಇಡ್ಲಿ, ಚಟ್ನಿ ಮಾರಿದರೆ ಕೊಳ್ಳುವವರುಂಟು. ಪಾತ್ರೆ, ಒಲೆಗಳು ಮನೆಯಲ್ಲಿಯೇ ಇವೆ. ಅಕ್ಕಿ, ಉದ್ದಿನಬೇಳೆ, ತೆಂಗಿನಕಾಯಿ, ಹುರಿಗಡಲೆ, ಉರುವಲು ಇವುಗಳಿಗೆ ದಿನಕ್ಕೆ 900 ರೂಪಾಯಿ ಬೇಕೆಂದು ಇಟ್ಟುಕೊಳ್ಳೋಣ. ಮಾರಿದರೆ 1,300 ರೂಪಾಯಿ ಬರುತ್ತದೆಂದು ಎಣಿಸೋಣ. ಉಳಿಯುವ 400 ರೂಪಾಯಿ ಆಕೆಯ ಬೆವರಿನ ಬೆಲೆ. ಲೆಕ್ಕ ಸರಳವಾಗಿದೆ. ಆದರೆ ಮೊದಲ ದಿನದ 900 ರೂಪಾಯಿ ಎಲ್ಲಿಂದ ಬರಬೇಕು?

ಪೇಟೆಯಲ್ಲಿ ದಿನಬಡ್ಡಿಗೆ ಹಣ ಕೊಡುವವರು ಎಲ್ಲ ಊರಿನಲ್ಲಿಯೂ ಇರುತ್ತಾರೆ. ಬೆಳಿಗ್ಗೆ 900 ರೂಪಾಯಿ ಎಣಿಸಿ ಕೊಡುತ್ತಾರೆ. ಸಂಜೆಗೆ ಸಾವಿರ ಕೇಳುತ್ತಾರೆ. ಕಾಗದವಿಲ್ಲ, ಜಾಮೀನಿಲ್ಲ, ಬ್ಯಾಂಕಿನ ಮೆಟ್ಟಿಲು ಹತ್ತುವ ಸಂಕೋಚವಿಲ್ಲ. ನೂರು ರೂಪಾಯಿ ತಾನೇ ಎನಿಸುತ್ತದೆ. ತಿಂಗಳಿಗೆ 25 ದಿನ ವ್ಯಾಪಾರವೆಂದರೆ ಆಕೆ ಕಟ್ಟುವ ಬಡ್ಡಿ 2,500 ರೂಪಾಯಿ. ಅಸಲಿನ ಎರಡೂವರೆ ಪಟ್ಟಿಗಿಂತ ಹೆಚ್ಚು. ವರ್ಷಕ್ಕೆ 300 ದಿನವೆಂದರೆ 30,000 ರೂಪಾಯಿ. ಇಷ್ಟು ಕೊಟ್ಟ ಮೇಲೂ ಆ 900 ರೂಪಾಯಿ ಆಕೆಯದಾಗುವುದಿಲ್ಲ. ಮುನ್ನೂರೊಂದನೆಯ ದಿನದ ನಸುಕಿನಲ್ಲಿಯೂ ಆಕೆ ಅದೇ ಮನುಷ್ಯನ ಮುಂದೆ ಕೈಯೊಡ್ಡಿ ನಿಲ್ಲಬೇಕು. ವ್ಯಾಪಾರ ಆಕೆಯದೆಂದು ಊರು ಹೇಳುತ್ತದೆ. ಆದರೆ ಗಳಿಕೆಯ ಕಾಲುಭಾಗ ಪ್ರತಿದಿನ ಇನ್ನೊಬ್ಬರ ಮನೆಗೆ ನಡೆದುಹೋಗುತ್ತಿರುತ್ತದೆ.

ಇದೇ ಲೆಕ್ಕವನ್ನು ಇನ್ನೊಂದು ದಿಕ್ಕಿನಿಂದ ನೋಡಬಹುದು. ಬಡ್ಡಿ ಕಳೆದು ಉಳಿಯುವ 300 ರೂಪಾಯಿಯಲ್ಲಿ ಆಕೆ ಪ್ರತಿದಿನ 30 ರೂಪಾಯಿಯನ್ನು ಬೇರೆ ತೆಗೆದಿಟ್ಟರೆ, ವ್ಯಾಪಾರದ ಮೂವತ್ತು ದಿನಗಳಲ್ಲಿ 900 ರೂಪಾಯಿ ಕೂಡುತ್ತದೆ. ಮೂವತ್ತೊಂದನೆಯ ದಿನ ಆಕೆ ಯಾರ ಮನೆಯ ಬಾಗಿಲನ್ನೂ ತಟ್ಟಬೇಕಾಗಿಲ್ಲ. ಅಂದಿನಿಂದ ದಿನಕ್ಕೆ ನೂರು ರೂಪಾಯಿ ಮನೆಯಲ್ಲಿಯೇ ಉಳಿಯುತ್ತದೆ. ಒಂದು ತಿಂಗಳ ಬಿಗಿ ಬದುಕು ಒಂದು ವರ್ಷದ ದಾಸ್ಯವನ್ನು ತಪ್ಪಿಸಬಲ್ಲದು. ಹನಿಗೂಡಿದರೆ ಹಳ್ಳವೆಂಬ ಗಾದೆ ಇಲ್ಲಿ ಅಲಂಕಾರದ ಮಾತಾಗಿ ಉಳಿಯದೆ ಲೆಕ್ಕದ ಮಾತಾಗುತ್ತದೆ.

ಹಾಗಿದ್ದರೆ ಎಲ್ಲರೂ ಏಕೆ ಹಾಗೆ ಮಾಡುವುದಿಲ್ಲ? ಬಡವರಿಗೆ ಲೆಕ್ಕ ತಿಳಿಯದೆಂದು ಹೇಳುವವರು ಬಡತನವನ್ನು ಬಲ್ಲವರಲ್ಲ. ಪೈಸೆ ಪೈಸೆಯ ಲೆಕ್ಕ ಬಾರದಿದ್ದರೆ ಬಡ ಮನೆಯೊಂದು ಒಂದು ವಾರವೂ ನಡೆಯಲಾರದು. ಕಷ್ಟವಿರುವುದು ಬೇರೆಡೆಯಲ್ಲಿ. ಚಿಕ್ಕ ಮನೆಯಲ್ಲಿ ಇಟ್ಟ ಹಣಕ್ಕೆ ಬಾಗಿಲು ಇರುವುದಿಲ್ಲ. ಮಗುವಿಗೆ ಜ್ವರ ಬಂದರೆ ಡಬ್ಬಿಯ ಮುಚ್ಚಳ ತೆರೆಯುತ್ತದೆ. ಶಾಲೆ ಆರಂಭವಾದರೆ ತೆರೆಯುತ್ತದೆ. ನೆಂಟರು ಬಂದರೆ, ಹಬ್ಬ ಬಂದರೆ, ಗಂಡನ ಕೈ ಬರಿದಾದರೆ ತೆರೆಯುತ್ತದೆ. ಕೊಡುವುದಿಲ್ಲವೆಂದು ಹೇಳಲು ಆಕೆಗೆ ಬಾಯಿಲ್ಲ. ಏಕೆಂದರೆ ಬಂದ ಪ್ರತಿಯೊಂದು ಖರ್ಚೂ ನ್ಯಾಯವಾದದ್ದೇ. ಹೀಗೆ ನಾಳೆಯ ಅಕ್ಕಿಯ ಹಣ ಇಂದಿನ ಔಷಧಿಯ ಹಣವಾಗುತ್ತದೆ. ಮರುದಿನ ಮತ್ತೆ ದಿನಬಡ್ಡಿಯವನ ಬಾಗಿಲು.

ವ್ಯಾಪಾರದಲ್ಲಿ ಪಳಗಿದವರು ಇದಕ್ಕೊಂದು ಉಪಾಯವನ್ನು ಅನುಭವದಿಂದಲೇ ಕಂಡುಕೊಂಡಿರುತ್ತಾರೆ. ಅವರು ಸಂಜೆ ಬಂದ ಹಣವನ್ನು ಒಂದೇ ರಾಶಿಯಾಗಿ ನೋಡುವುದಿಲ್ಲ. ಮೊದಲು ನಾಳೆಯ ಸರಕಿನ ಹಣವನ್ನು ಎಣಿಸಿ ಬೇರೆ ಗಂಟು ಕಟ್ಟುತ್ತಾರೆ. ಆ ಗಂಟು ಮನೆಯವರದಲ್ಲ, ಅಂಗಡಿಯದು. ಉಳಿದುದರಲ್ಲಿ ಮನೆಯ ಖರ್ಚು. ಅದರಲ್ಲಿಯೂ ಒಂದು ಚಿಟಿಕೆ ಆಪತ್ಕಾಲಕ್ಕೆ. ಮಾರದೆ ಉಳಿದ ಇಡ್ಲಿಯನ್ನು ಲಾಭದಲ್ಲಿ ಕಳೆಯುವುದು, ಪರಿಚಯದವರಿಗೆ ಕೊಟ್ಟ ಸಾಲವನ್ನು ಬಂದ ಹಣವೆಂದು ಎಣಿಸದಿರುವುದು, ತನ್ನ ದುಡಿಮೆಗೂ ಒಂದು ಕೂಲಿಯುಂಟೆಂಬುದನ್ನು ಮರೆಯದಿರುವುದು, ಇವೆಲ್ಲ ಅದೇ ಪಾಠದ ಮುಂದಿನ ಪುಟಗಳು. ‘ಇಂದು ನಗದು, ನಾಳೆ ಸಾಲ’ ಎಂದು ಅಂಗಡಿಗಳಲ್ಲಿ ತೂಗುಹಾಕುವ ಹಲಗೆಯನ್ನು ನೋಡಿ ನಗುವವರುಂಟು. ಚಿಕ್ಕ ಅಂಗಡಿಯವನಿಗೆ ಅದು ನಗೆಯ ಮಾತಲ್ಲ. ಹತ್ತು ಮಂದಿ ಗಿರಾಕಿಗಳ ಬಾಕಿಯೆಂದರೆ ಅವನ ಮರುದಿನದ ಸರಕಿನ ಅರ್ಧಭಾಗ.

ಆದರೆ ಗಂಟನ್ನು ಕಾಯುವ ಈ ಕೆಲಸ ಒಬ್ಬರಿಗೇ ಕಷ್ಟ. ಕಾಯಲು ಜೊತೆ ಬೇಕು. ಈ ಮಾತಿನ ಸತ್ಯವನ್ನು ಇಡೀ ದೇಶಕ್ಕೆ ತೋರಿಸಿಕೊಟ್ಟವರಲ್ಲಿ ಇದೇ ಬಂಗಾರಪೇಟೆಯ ಸುತ್ತಲಿನ ಹಳ್ಳಿಗಳ ಹೆಂಗಸರು ಸೇರಿದ್ದಾರೆಂಬುದು ಹೆಮ್ಮೆಯ ವಿಷಯ.

1968ರಲ್ಲಿ ಆರಂಭವಾದ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯು ಮೊದಲು ಟಿಬೆಟ್ಟಿನ ನಿರಾಶ್ರಿತರ ಪುನರ್ವಸತಿಗಾಗಿ ಕೆಲಸ ಮಾಡಿತು. ಮುಂದೆ ಅದು ದಕ್ಷಿಣ ಕರ್ನಾಟಕದ ಬರಪೀಡಿತ ಹಳ್ಳಿಗಳತ್ತ ತಿರುಗಿತು. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಸೀಮೆಯೂ ಅದರ ಕಾರ್ಯಕ್ಷೇತ್ರವಾಯಿತು. ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆಗಳಲ್ಲಿ ಮೊದಲಿದ್ದದ್ದು ದೊಡ್ಡ ಸಹಕಾರ ಸಂಘಗಳು. ಅವುಗಳಲ್ಲಿ ಉಳ್ಳವರ ಕೈ ಮೇಲಾಗಿ, ಬಡವರ ನಂಬಿಕೆ ಕುಸಿಯಿತು. 1984-85ರ ಸುಮಾರಿಗೆ ಸದಸ್ಯರು ತಾವಾಗಿಯೇ ಒಡೆದು ಚಿಕ್ಕ ಚಿಕ್ಕ ಗುಂಪುಗಳಾದರು. ಗುಂಪು ಕೂಡಿದ್ದು ಜಾತಿಯ ಪಟ್ಟಿಯನ್ನೋ ಸರ್ಕಾರದ ಪಟ್ಟಿಯನ್ನೋ ನೋಡಿ ಅಲ್ಲ. ಪರಸ್ಪರರನ್ನು ಬಲ್ಲವರು, ನಂಬಬಲ್ಲವರು ಒಟ್ಟಾದರು. ದೊಡ್ಡ ಸಂಘದ ಅಧ್ಯಕ್ಷನಿಗೆ ಸಾಲ ಹಿಂತಿರುಗಿಸಲು ಒಪ್ಪದವರು ತಮ್ಮ ಗುಂಪಿಗೆ ಹಿಂತಿರುಗಿಸಲು ಒಪ್ಪಿದರು. ಇಂದು ಸ್ವಸಹಾಯ ಸಂಘವೆಂದು ಕರೆಯುವ ವ್ಯವಸ್ಥೆಯ ಬೇರುಗಳಲ್ಲಿ ಇದೂ ಒಂದು.

ಸಂಘದ ನಡವಳಿಕೆ ಸರಳವಾದುದು. ಹದಿನೈದು ಇಪ್ಪತ್ತು ಹೆಂಗಸರು ವಾರಕ್ಕೊಮ್ಮೆ ಸೇರುತ್ತಾರೆ. ಪ್ರತಿಯೊಬ್ಬಳೂ ಗೊತ್ತುಪಡಿಸಿದ ಉಳಿತಾಯವನ್ನು ತಂದಿಡುತ್ತಾಳೆ. ತಡವಾಗಿ ಬಂದವಳು ದಂಡ ತೆರಬೇಕು. ಪುಸ್ತಕದಲ್ಲಿ ಲೆಕ್ಕ ಬರೆದು ಎಲ್ಲರೆದುರು ಓದುತ್ತಾರೆ. ಹಣದ ಪೆಟ್ಟಿಗೆ ಒಬ್ಬಳ ಮನೆಯಲ್ಲಿದ್ದರೆ ಬೀಗದ ಕೈ ಇನ್ನೊಬ್ಬಳ ಬಳಿ ಇರುವುದೂ ಉಂಟು. ಸಾಲ ಬೇಕಾದವಳು ಎಲ್ಲರ ಮುಂದೆ ಎದ್ದು ಕೇಳಬೇಕು. “ಅಕ್ಕಾ, ಈ ವಾರ ನನಗೆ ಕೊಡಿ, ಹುಣಸೆಹಣ್ಣು ಕೊಂಡು ಸಂತೆಗೆ ಹಾಕುತ್ತೇನೆ” ಎಂದು ಒಬ್ಬಳು ಕೇಳಿದರೆ, “ಹೋದ ಸಲದ ಬಾಕಿ ತೀರಿತೇನಮ್ಮ?” ಎಂದು ಇನ್ನೊಬ್ಬಳು ಕೇಳುತ್ತಾಳೆ. ಯಾರ ಮನೆಯ ಒಲೆ ಉರಿಯಿತು, ಯಾರ ಹಸು ಕರು ಹಾಕಿತು ಎಂಬುದೆಲ್ಲ ಎಲ್ಲರಿಗೂ ಗೊತ್ತಿರುವುದರಿಂದ ಅಲ್ಲಿ ಸುಳ್ಳಿಗೆ ಎಡೆಯಿಲ್ಲ. ಸಂಘವೂ ಬಡ್ಡಿ ತೆಗೆದುಕೊಳ್ಳುತ್ತದೆ. ಆದರೆ ಆ ಬಡ್ಡಿ ಸಂಘದ ಪೆಟ್ಟಿಗೆಗೇ ಮರಳುತ್ತದೆ. ಮುಂದಿನ ವಾರ ಇನ್ನೊಬ್ಬಳ ಬಂಡವಾಳವಾಗುತ್ತದೆ. ಮನೆಯ ಡಬ್ಬಿಗಿಲ್ಲದ ಬಾಗಿಲು ಸಂಘದ ಪೆಟ್ಟಿಗೆಗೆ ಉಂಟು. ‘ಹಣ ನನ್ನಲ್ಲಿಲ್ಲ, ಸಂಘದಲ್ಲಿದೆ’ ಎಂದು ಹೇಳಲು ಹೆಂಗಸಿಗೆ ಅದು ಬಾಯನ್ನೂ ಕೊಟ್ಟಿತು.

1987ರಲ್ಲಿ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕು, ಎಂದರೆ ನಬಾರ್ಡ್, ಇಂಥ ಗುಂಪುಗಳ ಉಳಿತಾಯಕ್ಕೆ ಜೊತೆಯಾಗಿ ಕೊಡಲೆಂದು ಮೈರಾಡ ಸಂಸ್ಥೆಗೆ 10 ಲಕ್ಷ ರೂಪಾಯಿಗಳ ನೆರವನ್ನಿತ್ತಿತು. ಆ ಮೇಲೆ ಬಂದ ಹೆಜ್ಜೆ ಇನ್ನೂ ದೊಡ್ಡದು. 1991ರ ಡಿಸೆಂಬರಿನಲ್ಲಿ ವೈಶ್ಯ ಬ್ಯಾಂಕಿನ ಬಂಗಾರಪೇಟೆ ಶಾಖೆಯು ಕಾಮಸಮುದ್ರದ ಕಡೆಯ ಹಳ್ಳಿಯೊಂದರ ಮಹಿಳಾ ಸಂಘಕ್ಕೆ ನೇರವಾಗಿ ಸಾಲ ಕೊಟ್ಟಿತು. 1992ರ ಜನವರಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಆಂಡರ್ಸನ್‌ಪೇಟೆ ಶಾಖೆಯು ಬೋಡಗುರ್ಕಿಯ ಮಹಿಳಾ ಸಂಘಕ್ಕೆ ಸಾಲ ನೀಡಿತು. ಭೂಮಿಯ ಪತ್ರವಿಲ್ಲದ, ಒಡವೆಯ ಅಡವಿಲ್ಲದ, ನೋಂದಣಿಯೂ ಇಲ್ಲದ ಒಂದು ಗುಂಪನ್ನು ನಂಬಿ ಬ್ಯಾಂಕು ಹಣ ಕೊಡುವುದೆಂದರೆ ಅಂದಿನ ದಿನಗಳಲ್ಲಿ ಕೇಳದ ಸಂಗತಿ. ಬ್ಯಾಂಕು ನೋಡಿದ್ದು ಸಂಘದ ಲೆಕ್ಕದ ಪುಸ್ತಕವನ್ನು, ವಾರವಾರದ ಹಾಜರಿಯನ್ನು, ಹಿಂದಿನ ಸಾಲಗಳು ಮರಳಿದ ರೀತಿಯನ್ನು. 1992ರಲ್ಲಿ ನಬಾರ್ಡ್ ಈ ಕ್ರಮವನ್ನು ದೇಶದ 500 ಸಂಘಗಳಲ್ಲಿ ಪ್ರಯೋಗಿಸಲು ಮುಂದಾಯಿತು. ಇಂದು ಹೀಗೆ ಬ್ಯಾಂಕುಗಳೊಡನೆ ವ್ಯವಹರಿಸುವ ಸಂಘಗಳು ದೇಶದಲ್ಲಿ ಒಂದು ಕೋಟಿಗೂ ಹೆಚ್ಚು. ಆ ಎರಡು ಬ್ಯಾಂಕುಗಳ ಹೆಸರುಗಳು ಇಂದು ಉಳಿದಿಲ್ಲ. ಒಂದು 2015ರಲ್ಲಿ, ಇನ್ನೊಂದು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ಹಳ್ಳಿಯ ಹೆಂಗಸರು ಹಾಕಿಕೊಟ್ಟ ದಾರಿ ಮಾತ್ರ ಉಳಿಯಿತು.

ಇದೇ ಕಾಲದಲ್ಲಿ ದೂರದ ಬಾಂಗ್ಲಾದೇಶದಲ್ಲಿಯೂ ಇಂಥದೇ ಒಂದು ಅರಿವು ಮೂಡಿತ್ತು. 1976ರಲ್ಲಿ ಚಿತ್ತಗಾಂಗ್ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರದ ಪ್ರಾಧ್ಯಾಪಕ ಮುಹಮ್ಮದ್ ಯೂನುಸ್ ಅವರು ಪಕ್ಕದ ಜೋಬ್ರಾ ಗ್ರಾಮಕ್ಕೆ ಹೋದರು. ಅಲ್ಲಿ ಬಿದಿರಿನ ಮೋಡಾ ಹೆಣೆಯುವ ಹೆಂಗಸೊಬ್ಬಳು ಬಿದಿರು ಕೊಳ್ಳಲು ಹಣವಿಲ್ಲದೆ ವರ್ತಕನಿಂದ ಸಾಲ ತಂದು, ಅವನು ಹೇಳಿದ ಬೆಲೆಗೇ ಮೋಡಾಗಳನ್ನು ಅವನಿಗೆ ಒಪ್ಪಿಸಬೇಕಾಗಿತ್ತು. ಗ್ರಾಮದಲ್ಲಿ ಇಂಥವರ ಪಟ್ಟಿ ಮಾಡಿದಾಗ ದೊರೆತ ಹೆಸರುಗಳು 42. ಅವರೆಲ್ಲರಿಗೆ ಬೇಕಾಗಿದ್ದ ಒಟ್ಟು ಹಣ ಕೇವಲ 27 ಡಾಲರ್. ಆ ಸಣ್ಣ ಮೊತ್ತವನ್ನು ಯೂನುಸ್ ತಮ್ಮ ಜೇಬಿನಿಂದ ಕೊಟ್ಟರು. ಅದರಿಂದ ಬೆಳೆದ ಗ್ರಾಮೀಣ ಬ್ಯಾಂಕು ಮತ್ತು ಯೂನುಸ್ 2006ರ ನೊಬೆಲ್ ಶಾಂತಿ ಪಾರಿತೋಷಕವನ್ನು ಹಂಚಿಕೊಂಡರು. ಮೋಡಾ ಹೆಣೆಯುವ ಆ ಹೆಂಗಸಿಗೂ ದಿನಬಡ್ಡಿಯ ಹಣದಲ್ಲಿ ಇಡ್ಲಿ ಬೇಯಿಸುವವಳಿಗೂ ಕಷ್ಟ ಒಂದೇ. ಕೈಯಲ್ಲಿ ಕಸುಬುಂಟು, ಮೈಯಲ್ಲಿ ದುಡಿಮೆಯುಂಟು. ಮೊದಲ ಹಿಡಿಯಷ್ಟು ಹಣ ತನ್ನದಾಗಿಲ್ಲದ ಕಾರಣ ದುಡಿಮೆಯ ಫಲ ಪರರ ಪಾಲಾಗುತ್ತದೆ.

ಆದರೆ ಸಾಲವೇ ಬಂಡವಾಳವೆಂದು ತಿಳಿದರೆ ಏನಾಗುತ್ತದೆಂಬ ಕಹಿ ಪಾಠವನ್ನೂ ಕೋಲಾರ ಸೀಮೆ ಕಂಡಿದೆ. ಸಂಘಗಳ ಯಶಸ್ಸನ್ನು ನೋಡಿ ಲಾಭಕ್ಕಾಗಿ ಸಣ್ಣ ಸಾಲ ಕೊಡುವ ಕಂಪನಿಗಳು ಹುಟ್ಟಿಕೊಂಡವು. ಉಳಿತಾಯವನ್ನು ಕೇಳದೆ, ವ್ಯಾಪಾರವನ್ನು ವಿಚಾರಿಸದೆ, ಒಂದೇ ಮನೆಗೆ ಎರಡು ಮೂರು ಕಂಪನಿಗಳು ಸಾಲ ಸುರಿದದ್ದುಂಟು. ಒಂದು ಸಾಲದ ಕಂತನ್ನು ಇನ್ನೊಂದು ಸಾಲದಿಂದ ಕಟ್ಟುವ ಸ್ಥಿತಿ ಬಂದಿತು. 2009ರಲ್ಲಿ ಕೋಲಾರ ಪಟ್ಟಣದಲ್ಲಿಯೂ ರಾಮನಗರ ಮೊದಲಾದ ಕೆಲವು ಊರುಗಳಲ್ಲಿಯೂ ಸಾಲಗಾರರು ಸಾಮೂಹಿಕವಾಗಿ ಕಂತು ಕಟ್ಟುವುದನ್ನೇ ನಿಲ್ಲಿಸಿದರು. ಮರುವರ್ಷ ನೆರೆಯ ಆಂಧ್ರಪ್ರದೇಶದಲ್ಲಿ ಇನ್ನೂ ದೊಡ್ಡ ಬಿಕ್ಕಟ್ಟು ಉಂಟಾಗಿ, ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಸಾಲ ವಸೂಲಿಯ ಕಿರುಕುಳವನ್ನು ತಡೆಯಲು 2025ರಲ್ಲಿ ಕರ್ನಾಟಕ ಸರ್ಕಾರವೂ ಕಾನೂನು ಮಾಡಿತು. ಸಾಲವೆಂಬುದು ಬೇರೆಯವರ ಹಣ. ಅದನ್ನು ಹೂಡಿ ಗಳಿಸಿ, ಹಿಂತಿರುಗಿಸಿ, ಕೊನೆಗೆ ತನ್ನದೆನ್ನುವ ಒಂದು ಗಂಟನ್ನು ಉಳಿಸಿಕೊಂಡಾಗ ಮಾತ್ರ ಅದು ಬಂಡವಾಳಕ್ಕೆ ದಾರಿಯಾಗುತ್ತದೆ. ಉಳಿತಾಯದ ಅಭ್ಯಾಸವಿಲ್ಲದ ಕೈಗೆ ಬಿದ್ದ ಸಾಲವು ಸೋರುವ ಕೊಡಕ್ಕೆ ಹೊಯ್ದ ನೀರು.

ಬೀದಿಯ ಬದಿಯಲ್ಲಿ ಬದುಕು ಕಟ್ಟಿಕೊಂಡವರನ್ನು ಕಾನೂನು ಬಹುಕಾಲ ಅಡ್ಡಿಯೆಂದೇ ಎಣಿಸುತ್ತಿತ್ತು. 2014ರಲ್ಲಿ ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸುವ ಕಾಯಿದೆ ಬಂದು, ಅವರಿಗೂ ಗುರುತಿನ ಚೀಟಿ ಮತ್ತು ನೆಲೆಯ ಹಕ್ಕುಂಟೆಂದು ಹೇಳಿತು. 2018ರಲ್ಲಿ ಕರ್ನಾಟಕ ಸರ್ಕಾರವು ಬೀದಿ ವ್ಯಾಪಾರಿಗಳಿಗೆ ಬಡ್ಡಿಯಿಲ್ಲದ ಸಣ್ಣ ಸಾಲ ನೀಡಲು ‘ಬಡವರ ಬಂಧು’ ಎಂಬ ಯೋಜನೆಯನ್ನು ತಂದಿತು. 2020ರ ಸಾಂಕ್ರಾಮಿಕ ರೋಗದ ದಿನಗಳಲ್ಲಿ ತಳ್ಳುಗಾಡಿಗಳು ತಿಂಗಳುಗಟ್ಟಲೆ ನಿಂತು, ಬೊಗಸೆಯ ಬಂಡವಾಳಗಳೆಲ್ಲ ಊಟಕ್ಕೆ ಕರಗಿದಾಗ, ಕೇಂದ್ರ ಸರ್ಕಾರವು ಬೀದಿ ವ್ಯಾಪಾರಿಗಳಿಗೆ ಮೊದಲ ಸಲ 10,000 ರೂಪಾಯಿ ಸಾಲ ಕೊಡುವ, ಅದನ್ನು ಸರಿಯಾಗಿ ತೀರಿಸಿದವರಿಗೆ ಮುಂದೆ ಹೆಚ್ಚಿನ ಮೊತ್ತ ನೀಡುವ ಯೋಜನೆಯನ್ನು ಆರಂಭಿಸಿತು. ಇವೆಲ್ಲವೂ ಒಳ್ಳೆಯ ಊರೆಗೋಲುಗಳು. ಊರೆಗೋಲಿನಿಂದ ನಡೆಯಬಹುದು, ಆದರೆ ನಡೆಯಬೇಕಾದ ಕಾಲು ತನ್ನದೇ.

ಇನ್ನು ಹಣದಿಂದ ಅಳೆಯಲಾಗದ ಬಂಡವಾಳವೊಂದುಂಟು. ಅದು ಕೈಯ ಹದ. ಅದಕ್ಕೂ ಬಂಗಾರಪೇಟೆಯೇ ಸಾಕ್ಷಿ. ಎಲ್ಲೆಡೆ ಪಾನಿಪುರಿಯ ನೀರು ಹಸುರಾಗಿಯೋ ಕಂದಾಗಿಯೋ ಇರುತ್ತದೆ. ಬಂಗಾರಪೇಟೆಯದು ಕುಡಿಯುವ ನೀರಿನಷ್ಟು ತಿಳಿ. ಬಣ್ಣವಿಲ್ಲದ ಆ ನೀರನ್ನು ನೋಡಿ ಇದರಲ್ಲೇನಿದೆ ಎಂದುಕೊಂಡವನು ಬಾಯಿಗಿಟ್ಟೊಡನೆ ಖಾರಕ್ಕೆ ಬೆರಗಾಗುತ್ತಾನೆ. ಅದೇ ಅದರ ಹೆಸರಿಗೆ ಕಾರಣವಾಯಿತು. ತಳ್ಳುಗಾಡಿಯಷ್ಟೇ ಬೇಡುವ ಈ ತಿಂಡಿ ಊರಿನ ಗಡಿ ದಾಟಿ, ಇಂದು ಬೆಂಗಳೂರಿನ ಬೀದಿಬೀದಿಗಳಲ್ಲಿ ‘ಬಂಗಾರಪೇಟೆ’ ಎಂಬ ಹೆಸರಿನ ಫಲಕಗಳ ಕೆಳಗೆ ಮಾರಾಟವಾಗುತ್ತದೆ. ಒಂದು ಕಾಲಕ್ಕೆ ಚಿನ್ನದ ಗಣಿಯ ದಾರಿಯೆಂದು ಹೆಸರಾಗಿದ್ದ ಊರನ್ನು ಅನೇಕ ಎಳೆಯರು ಈಗ ಆ ತಿಳಿನೀರಿನಿಂದ ಗುರುತಿಸುತ್ತಾರೆ. ಇದಕ್ಕೆ ಲಂಡನ್ನಿನಿಂದ ಹಣ ಬರಲಿಲ್ಲ. ಹತ್ತು ಕೈಗಳು ಒಂದು ರುಚಿಯನ್ನು ಕೆಡದಂತೆ ಕಾಪಾಡಿಕೊಂಡು ಬಂದವು, ಅಷ್ಟೆ.

ಕಸುಬಿನ ಹದ, ಲೆಕ್ಕದ ಶಿಸ್ತು, ಜೊತೆಯವರ ನಂಬಿಕೆ, ಈ ಮೂರೂ ಕೂಡಿದಲ್ಲಿ ಚಿಕ್ಕ ಮೊತ್ತವೂ ನಿಲ್ಲುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ದೊಡ್ಡ ಮೊತ್ತವೂ ನಿಲ್ಲುವುದಿಲ್ಲ. ಇದರ ಅರ್ಥ ಸಣ್ಣ ವ್ಯಾಪಾರ ಮಾಡಿದವರೆಲ್ಲ ಗೆಲ್ಲುತ್ತಾರೆಂದಲ್ಲ. ಮಳೆ ಬಂದ ದಿನ ಗಿರಾಕಿ ಬರುವುದಿಲ್ಲ; ಉದ್ದಿನಬೇಳೆಯ ಬೆಲೆ ಹೇಳದೆ ಕೇಳದೆ ಏರುತ್ತದೆ; ಪಕ್ಕದಲ್ಲಿಯೇ ಇನ್ನೊಂದು ಗಾಡಿ ಬಂದು ನಿಲ್ಲುತ್ತದೆ. ಒಮ್ಮೆ ಎಡವಿದವರು ಮತ್ತೆ ಎದ್ದು ನಿಲ್ಲಲು ಊರಿನಲ್ಲಿ ಒಂದು ಆಸರೆಯುಂಟೋ ಇಲ್ಲವೋ ಎಂಬುದರ ಮೇಲೆ ಅವರ ಮಕ್ಕಳ ಓದು, ಮನೆಯ ಒಲೆ, ಮುದುಕರ ಔಷಧಿ ಎಲ್ಲವೂ ನಿಂತಿರುತ್ತವೆ. ಸಂಘದ ಪುಸ್ತಕದಲ್ಲಿ ಬರೆದ ಐದು ಹತ್ತು ರೂಪಾಯಿಗಳ ಸಾಲುಗಳಿಗೆ ಅಷ್ಟು ಭಾರವುಂಟು.

ಗಣಿ ಪ್ರದೇಶದ ಅಂಚಿನಲ್ಲಿ ಸೈನೈಡ್ ದಿಬ್ಬಗಳೆಂದು ಜನ ಕರೆಯುವ ಬೂದುಬಣ್ಣದ ಮಣ್ಣಿನ ಗುಡ್ಡಗಳು ಇಂದಿಗೂ ನಿಂತಿವೆ. ಚಿನ್ನವನ್ನು ಹಿಂಡಿ ತೆಗೆದ ಮೇಲೆ ಉಳಿದ ಚರಟ ಅದು. ಚಿನ್ನವು ದೇಶಾಂತರ ಹೋಯಿತು. ಚರಟ ಊರಿಗೆ ಉಳಿಯಿತು. ಆ ದಿಬ್ಬಗಳ ಕೆಳಗಿನ ಓಣಿಯಲ್ಲಿ, ಸಂಜೆಯ ವ್ಯಾಪಾರ ಮುಗಿಸಿ, ಚಿಲ್ಲರೆಯನ್ನು ಎಣಿಸಿ, ನಾಳೆಯ ಅಕ್ಕಿಯ ಹಣವನ್ನು ಮೊದಲು ಬೇರೆ ಗಂಟು ಕಟ್ಟುವ ಹೆಂಗಸು ಗಣಿಯವರು ಮಾಡದಿದ್ದ ಒಂದು ಕೆಲಸವನ್ನು ಮಾಡುತ್ತಿರುತ್ತಾಳೆ. ಆಕೆ ದುಡಿದದ್ದರಲ್ಲಿ ಒಂದು ಪಾಲನ್ನು ಊರಿನಲ್ಲಿಯೇ ನಾಳೆಗೆ ಉಳಿಸುತ್ತಾಳೆ.